ಮಣ್ಣನ್ನು ಪರೀಕ್ಷೆಗೆ ಒಡ್ಡಿ, ಮಾತ್ರೆ ಬಿಡಿಸಬೇಡಿ: ಪುಣೆಯಿಂದ ಒಂದು ಬಹಿರಂಗ ಪತ್ರ

ಪುಣೆಯ ರಾಷ್ಟ್ರೀಯ ಪ್ರಕೃತಿ ಚಿಕಿತ್ಸಾ ಸಂಸ್ಥೆಯ ನಿರ್ದೇಶಕರಿಗೆ, ಕೇಂದ್ರ ಆಯುಷ್ ಸಚಿವಾಲಯದ ಅಧಿಕಾರಿಗಳಿಗೆ, ಹಾಗೂ ಪುಣೆ, ಪಿಂಪ್ರಿ ಚಿಂಚವಾಡದ ನನ್ನ ಕನ್ನಡ ಬಂಧುಗಳಿಗೆ,

ನಮಸ್ಕಾರ.

ನಾನು ಹಡಪ್ಸರದಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಕೆಲಸ ಮಾಡುತ್ತೇನೆ. ಹುಟ್ಟೂರು ವಿಜಯಪುರ ಜಿಲ್ಲೆ, ಡೋಣಿ ಹೊಳೆ ದಂಡೆಯ ಎರೆ ನೆಲ. ನನ್ನ ಹತ್ತಿರ ಬರುವವರಲ್ಲಿ ಕಲಬುರಗಿ, ವಿಜಯಪುರ, ಸೋಲಾಪುರ ಕಡೆಯಿಂದ ಕಟ್ಟಡ ಕೆಲಸಕ್ಕೋ ಕಂಪನಿ ಕೆಲಸಕ್ಕೋ ಬಂದು ಇಲ್ಲೇ ನೆಲೆಸಿದ ಕನ್ನಡದವರು ಜಾಸ್ತಿ. ಈ ಪತ್ರದ ಮರಾಠಿ ಪ್ರತಿಯನ್ನು ನಿಮ್ಮ ಕಚೇರಿಗೆ ಬೇರೆಯಾಗಿ ಕಳಿಸಿದ್ದೇನೆ. ಕನ್ನಡದಲ್ಲಿ ಎಲ್ಲರ ಮುಂದೆ ಇಡುತ್ತಿರುವುದು ಈ ಜನರಿಗಾಗಿ. ಅವರ ಕೈಕಾಲಿನ ವಿಷಯವಾಗಿ ನಾನು ನಿಮ್ಮನ್ನು ಏನು ಕೇಳುತ್ತಿದ್ದೇನೆ ಅನ್ನುವುದು ಅವರಿಗೂ ಗೊತ್ತಿರಬೇಕು.

ಕೇಳುವುದು ಇಷ್ಟು. ಉರಿಯೂತದ ಸಂಧಿವಾತಕ್ಕೆ ಮಣ್ಣಿನ ಚಿಕಿತ್ಸೆಯಿಂದ ನಿಜಕ್ಕೂ ಎಷ್ಟು ಉಪಯೋಗ ಅನ್ನುವುದನ್ನು ಪುಣೆಯಲ್ಲೇ ಸರಿಯಾದ ಕ್ರಮದಲ್ಲಿ ಪರೀಕ್ಷಿಸಿ. ಅದರ ಉತ್ತರ ಬರುವವರೆಗೆ, ಮಣ್ಣು ಹಚ್ಚುವ ಯಾವ ಕೇಂದ್ರವೂ ರೋಗಿಯ ಮಾತ್ರೆ ಬಿಡಿಸಬಾರದು ಎಂದು ನಿಯಮ ಮಾಡಿ.

ಕೀಲುನೋವು ಎಲ್ಲ ಒಂದೇ ಅಲ್ಲ ಅನ್ನುವುದನ್ನು ಮೊದಲು ಬಿಡಿಸಿ ಹೇಳಬೇಕು, ಯಾಕೆಂದರೆ ಗೊಂದಲ ಅಲ್ಲಿಂದಲೇ ಶುರು. ವಯಸ್ಸಾದ ಮೇಲೆ ಮಂಡಿಯ ಮೆತ್ತನೆ ಪದರ ಸವೆದು ಬರುವ ನೋವು ಒಂದು ಬಗೆ. ಉರಿಯೂತದ ಸಂಧಿವಾತವಾದ ರುಮಟಾಯ್ಡ್ ಆರ್ಥ್ರೈಟಿಸ್ ಪೂರ್ತಿ ಬೇರೆ. ಇಲ್ಲಿ ಮೈ ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪದರದ ಮೇಲೆ ತಿರುಗಿ ಬೀಳುತ್ತದೆ. ಆ ಪದರ ಊದಿ, ದಪ್ಪಗಾಗಿ, ಪಕ್ಕದ ಮೂಳೆಯನ್ನು ಕೊರೆಯುತ್ತಾ ಹೋಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ. ಮೂವತ್ತು ನಲವತ್ತರ ಪ್ರಾಯದಲ್ಲೇ ಬರಬಹುದು. ಬೆಳಿಗ್ಗೆ ಎದ್ದರೆ ಬೆರಳು ಬಿಗಿದುಕೊಂಡಿರುತ್ತವೆ, ಗಂಟೆ ಕಳೆದರೂ ಸಡಿಲ ಆಗುವುದಿಲ್ಲ. ಮೂಳೆ ಕೊರೆಯುವ ಕೆಲಸ ಎಷ್ಟೋ ಜನರಲ್ಲಿ ಮೊದಲ ಎರಡು ವರ್ಷದೊಳಗೇ ಶುರುವಾಗಿಬಿಟ್ಟಿರುತ್ತದೆ. ಹಾಗೆ ಹೋದ ಮೂಳೆಯನ್ನು ಯಾವ ಔಷಧಿಯೂ ಮರಳಿ ತರುವುದಿಲ್ಲ. ಹಾಗಾಗಿ ಈ ರೋಗದಲ್ಲಿ ಮೊದಲಿನ ಆ ಸಮಯ ತುಂಬಾ ಬೆಲೆಯುಳ್ಳದ್ದು. ಸವೆತದ ಮಂಡಿಯವರು ಆರು ತಿಂಗಳು ಮಣ್ಣು ಹಚ್ಚಿ ನೋಡಿದರೆ ಕಳೆದುಕೊಳ್ಳುವುದು ಹೆಚ್ಚೇನಿಲ್ಲ. ರುಮಟಾಯ್ಡ್ ಇರುವವರು ಔಷಧಿ ಬಿಟ್ಟು ಅದೇ ಆರು ತಿಂಗಳು ಕಳೆದರೆ ಕೈಯನ್ನೇ ಕಳೆದುಕೊಳ್ಳಬಹುದು. ಎಷ್ಟೋ ಬೋರ್ಡುಗಳ ಮೇಲೆ ಇಬ್ಬರಿಗೂ ಸೇರಿಸಿ 'ಸಂಧಿವಾತಕ್ಕೆ ಮಣ್ಣಿನ ಚಿಕಿತ್ಸೆ' ಎಂದು ಒಂದೇ ಸಾಲು ಬರೆದಿರುತ್ತಾರೆ.

ನಮ್ಮ ವೈನಿಯ, ಅಂದರೆ ಅತ್ತಿಗೆಯ, ವಿಷಯ ಹೇಳುತ್ತೇನೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಅಣ್ಣನ ಸಂಸಾರ ಭೋಸರಿಯಲ್ಲಿ. ನಲವತ್ತು ದಾಟುವ ಮೊದಲೇ ವೈನಿಗೆ ರುಮಟಾಯ್ಡ್ ಬಂತು. ಡಾಕ್ಟರು ಮೆಥೊಟ್ರೆಕ್ಸೇಟ್ ಕೊಟ್ಟರು. ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಮಾತ್ರೆ ಅದು, ಜೊತೆಗೆ ಫೋಲಿಕ್ ಆಸಿಡ್. ಈ ಮಾತ್ರೆ ಕೈ ಹಿಡಿಯಲು ಆರರಿಂದ ಹನ್ನೆರಡು ವಾರ ಬೇಕಾಗುತ್ತದೆ. ವೈನಿ ಕಾದರು. ಊತ ಇಳಿಯಿತು. ಮತ್ತೆ ರೊಟ್ಟಿ ಬಡಿಯತೊಡಗಿದರು. ಜೋಳದ ರೊಟ್ಟಿ ಬಡಿಯುವುದು ಅಂದರೆ ಅಂಗೈ, ಬೆರಳ ಬುಡದ ಗೆಣ್ಣು, ಮಣಿಕಟ್ಟು ಮೂರೂ ಸರಿಯಾಗಿ ಒದಗಬೇಕು. ಅವರ ರೊಟ್ಟಿ ಮತ್ತೆ ದುಂಡಗಾದ ದಿನ ಅಣ್ಣ ನನಗೆ ಫೋಟೊ ಕಳಿಸಿದ್ದ.

ಆಮೇಲೆ ಯಾರೋ ನೆರೆಯವರು ಒಂದು ಮಣ್ಣಿನ ಚಿಕಿತ್ಸೆಯ ಕೇಂದ್ರದ ಹೆಸರು ಹೇಳಿದರು. ಹತ್ತು ದಿನ ಅಲ್ಲೇ ಇರುವ ವ್ಯವಸ್ಥೆ. ಹೋದ ಮೊದಲ ದಿನವೇ ಅಲ್ಲಿನವರು, ಇಂಗ್ಲಿಷ್ ಔಷಧಿಯಿಂದ ಲಿವರ್ ಹಾಳಾಗುತ್ತದೆ, ಎರಡನ್ನೂ ಒಟ್ಟಿಗೆ ಮಾಡಿದರೆ ಮಣ್ಣಿನ ಗುಣ ಹತ್ತುವುದಿಲ್ಲ, ಇವತ್ತಿನಿಂದಲೇ ನಿಲ್ಲಿಸಿ ಎಂದರು. ವೈನಿ ನಿಲ್ಲಿಸಿದರು. ಫೋನಿನಲ್ಲಿ ಎಷ್ಟು ಖುಷಿಯಾಗಿ ಹೇಳಿದರು: "ಗುಳಿಗಿ ಬಿಟ್ಟ ಮ್ಯಾಲ ಮೈ ಹಗೂರ ಆಗೇದ ನೋಡ ತಂಗಿ. ವಾಂತಿ ಬಂದಂಗ ಆಗೂದೂ ನಿಂತದ." ಸುಳ್ಳಲ್ಲ ಅದು. ಮೆಥೊಟ್ರೆಕ್ಸೇಟ್ ತೆಗೆದುಕೊಂಡ ಮರುದಿನ ಕೆಲವರಿಗೆ ಹೊಟ್ಟೆ ತೊಳಸುತ್ತದೆ. ನಿಲ್ಲಿಸಿದರೆ ಅದು ಕೂಡಲೇ ಹೋಗುತ್ತದೆ. ಆದರೆ ಔಷಧಿಯ ಒಳ್ಳೆಯ ಗುಣ ಕೂಡಲೇ ಹೋಗುವುದಿಲ್ಲ, ಕೆಲವು ವಾರ ಉಳಿದಿರುತ್ತದೆ. ಈ ಮಧ್ಯದ ವಾರಗಳಲ್ಲೇ ಎಲ್ಲರೂ ಮೋಸ ಹೋಗುವುದು. ಹೊಟ್ಟೆ ತೊಳಸುವುದಿಲ್ಲ, ನೋವೂ ಇಲ್ಲ, ಮೇಲೆ ದಿನವೂ ಮಣ್ಣು. ಎಲ್ಲ ಮಣ್ಣಿನಿಂದಲೇ ಆಯಿತು ಎಂದು ಯಾರಿಗಾದರೂ ಅನಿಸುತ್ತದೆ.

ಇನ್ನೂ ಒಂದು ಇದೆ. ವರ್ಷವಿಡೀ ನೀರು ತುಂಬಿ, ಪಾತ್ರೆ ತಿಕ್ಕಿ, ಇಡೀ ಮನೆಗೆ ರೊಟ್ಟಿ ಬಡಿಯುವ ಹೆಂಗಸು ಹತ್ತು ದಿನ ಏನೂ ಮಾಡದೆ, ಹೊತ್ತಿಗೆ ಸರಿಯಾಗಿ ಉಂಡು, ಎಣ್ಣೆ ಹಚ್ಚಿಸಿಕೊಂಡು, ಕಣ್ತುಂಬ ನಿದ್ದೆ ಮಾಡುತ್ತಾಳೆ. ಕೈ ನೋವು ಕಡಿಮೆ ಆಗದೆ ಇರುತ್ತದೆಯೇ? ಆ ವಿಶ್ರಾಂತಿಯ ಪಾಲು ಎಷ್ಟು, ಮಣ್ಣಿನ ಪಾಲು ಎಷ್ಟು, ಬಿಟ್ಟ ಮಾತ್ರೆಯ ಉಳಿದ ಬಲ ಎಷ್ಟು ಅನ್ನುವುದನ್ನು ಬೇರ್ಪಡಿಸದೆ ಯಾರೂ 'ಗುಣವಾಯಿತು' ಎಂದು ಹೇಳಬಾರದು.

ದೀಪಾವಳಿ ಹೊತ್ತಿಗೆ ರೋಗ ಮರಳಿತು, ಮೊದಲಿಗಿಂತ ಜೋರಾಗಿ. ಕೇಂದ್ರದವರು ಇದು ಒಳಗಿನ ವಿಷ ಹೊರಬರುವ ಲಕ್ಷಣ, ಹೆದರಬೇಡಿ, ಇನ್ನೊಂದು ಸುತ್ತು ಬನ್ನಿ ಎಂದರು. ವೈನಿ ಹೋದರು. ಅಷ್ಟರಲ್ಲಿ ಆಗಬಾರದ್ದು ಆಗಿತ್ತು. ಇವತ್ತು ಅವರು ಕೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟರೆ ನಾಲ್ಕೂ ಬೆರಳು ಕಿರುಬೆರಳಿನ ಕಡೆಗೆ ವಾಲುತ್ತವೆ. ಉಂಗುರದ ಬೆರಳು ನಡುಗೆಣ್ಣಿನಲ್ಲಿ ಹಿಂದಕ್ಕೆ ಬಾಗಿ, ತುದಿಯಲ್ಲಿ ಮುಂದಕ್ಕೆ ಮಡಚಿಕೊಂಡಿದೆ. ಮದುವೆಯ ಉಂಗುರವನ್ನು ಅಕ್ಕಸಾಲಿಗ ಕತ್ತರಿಸಿ ತೆಗೆಯಬೇಕಾಯಿತು. ಮತ್ತೆ ಔಷಧಿ ಶುರು ಮಾಡಿದ ಮೇಲೆ ಊತ ಇಳಿದಿದೆ, ನೋವು ಹತೋಟಿಯಲ್ಲಿದೆ, ಬೆರಳು ಮಾತ್ರ ಹಾಗೇ ಉಳಿದಿವೆ. ರೊಟ್ಟಿ ಬಡಿಯುವುದನ್ನು ಬಿಟ್ಟಿದ್ದಾರೆ. ಅಂಗೈ ಬುಡದಿಂದ ಹಿಟ್ಟನ್ನು ಒತ್ತಿ ಲಟ್ಟಣಿಗೆಯಲ್ಲಿ ಲಟ್ಟಿಸುತ್ತಾರೆ.

ಆ ಕೇಂದ್ರದ ಹೆಸರು ಹೇಳುವುದಿಲ್ಲ. ಒಂದು ಕೇಂದ್ರವನ್ನು ಮುಚ್ಚಿಸುವುದರಿಂದ ಆಗುವುದೇನೂ ಇಲ್ಲ. ಇದೇ ಮಾತನ್ನು ಬೇರೆ ಬೇರೆ ಕಡೆ ಕೇಳಿಸಿಕೊಂಡು ಬಂದವರನ್ನು ನಾನು ನೋಡುತ್ತಲೇ ಇದ್ದೇನೆ.

ಇಷ್ಟು ಓದಿ ನಾನು ಮಣ್ಣಿನ ವೈರಿ ಎಂದುಕೊಳ್ಳಬೇಡಿ. ಹಾಗಿದ್ದರೆ ಪರೀಕ್ಷೆ ಮಾಡಿ ಎಂದು ಕೇಳುತ್ತಲೇ ಇರಲಿಲ್ಲ, ನಿಷೇಧಿಸಿ ಎಂದು ಬರೆಯುತ್ತಿದ್ದೆ. ಮಣ್ಣಿನ ಪಟ್ಟಿ ಹಾಕಿಸಿಕೊಂಡವರ ಮುಖದಲ್ಲಿ ಕಾಣುವ ಸುಖವನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಳ್ಳೆಯ ಕಡೆ ಅದನ್ನು ತಯಾರಿಸುವ ಶ್ರದ್ಧೆಯನ್ನೂ ನೋಡಿದ್ದೇನೆ. ನೇಗಿಲು, ಗೊಬ್ಬರ ಮುಟ್ಟದ ಆಳದಿಂದ, ಮೂರು ನಾಲ್ಕು ಅಡಿ ಕೆಳಗಿಂದ ಮಣ್ಣು ತೆಗೆಯುತ್ತಾರೆ. ಬಿಸಿಲಿಗೆ ಹರವಿ ಒಣಗಿಸುತ್ತಾರೆ. ಕುಟ್ಟಿ, ಜರಡಿ ಹಿಡಿದು, ಕಲ್ಲು ಬೇರು ತೆಗೆಯುತ್ತಾರೆ. ರಾತ್ರಿಯಿಡೀ ನೀರಿನಲ್ಲಿ ನೆನೆಸಿ ಬೆಳಿಗ್ಗೆ ಕಲಸಿದಾಗ ಅದು ಬೆಣ್ಣೆಯ ಹಾಗೆ ಬಟ್ಟೆಯ ಮೇಲೆ ಹರಡುತ್ತದೆ. ಇಪ್ಪತ್ತು ನಿಮಿಷವೋ ಅರ್ಧ ಗಂಟೆಯೋ ಇಟ್ಟು ತೊಳೆಯುತ್ತಾರೆ.

ಎರೆಮಣ್ಣು ಇದಕ್ಕೆ ಯಾಕೆ ಒದಗುತ್ತದೆ ಅನ್ನುವುದಕ್ಕೆ ಒಳ್ಳೆಯ ಕಾರಣ ಇದೆ. ದಖ್ಖನ್ನಿನ ಕಪ್ಪು ಶಿಲೆ, ಬಸಾಲ್ಟ್, ಲಕ್ಷಾಂತರ ವರ್ಷ ಸವೆದು ಆದ ಮಣ್ಣು ಅದು. ಅದರಲ್ಲಿ ಸ್ಮೆಕ್ಟೈಟ್ ಎಂಬ ಜೇಡಿ ಖನಿಜ ತುಂಬಾ ಇರುತ್ತದೆ. ಈ ಖನಿಜ ತೆಳ್ಳನೆ ಹಾಳೆ ಹಾಳೆಯಾಗಿದ್ದು, ನೀರು ಹಾಳೆಗಳ ನಡುವೆ ಹೋಗಿ ಕೂತುಕೊಳ್ಳುತ್ತದೆ. ಮಳೆಗಾಲದಲ್ಲಿ ಎರೆ ಹೊಲ ಉಬ್ಬಿ ಕಾಲಿಗೆ ಮೆತ್ತುವುದು, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುವುದು ಇದರಿಂದಲೇ. ಅಷ್ಟು ನೀರು ಹಿಡಿದಿಟ್ಟ ಮಣ್ಣು ಬೇಗ ಕಾಯುವುದಿಲ್ಲ, ಕಾದರೆ ಬೇಗ ಆರುವುದಿಲ್ಲ. ತಂಪಾಗಲಿ ಬಿಸಿಯಾಗಲಿ, ನಿಧಾನವಾಗಿ, ಒಂದೇ ಸಮನೆ ಮೈಗೆ ಕೊಡುತ್ತದೆ. ಚಿಕಿತ್ಸೆಗೆ ಹೆಸರಾದ ಬೆಂಟೊನೈಟ್ ಜೇಡಿಯ ಮುಖ್ಯ ಖನಿಜವಾದ ಮಾಂಟ್‌ಮೊರಿಲೊನೈಟ್ ಕೂಡ ಇದೇ ಸ್ಮೆಕ್ಟೈಟ್ ಕುಟುಂಬದ್ದು. ನಮ್ಮ ಹೊಲದ ಮಣ್ಣು ಯಾವ ಲೆಕ್ಕದಲ್ಲೂ ಕಮ್ಮಿಯದಲ್ಲ.

ಹೊರದೇಶಗಳಲ್ಲಿ ಇದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದಾರೆ ಅನ್ನುವುದು ನಿಮಗೆ ಗೊತ್ತಿರುವ ವಿಷಯವೇ, ಓದುಗರಿಗಾಗಿ ಹೇಳುತ್ತೇನೆ. ಇಟಲಿಯ ಪಾಡೊವಾ ಹತ್ತಿರ ಅಬಾನೊ ಎಂಬ ಊರಿದೆ. ಅಲ್ಲಿ ಕೆರೆಯ ಜೇಡಿಮಣ್ಣನ್ನು ಬಿಸಿನೀರಿನ ಬುಗ್ಗೆಯ ನೀರಿನಲ್ಲಿ ಸುಮಾರು ಎರಡು ತಿಂಗಳು ಹಣ್ಣಾಗಲು ಬಿಡುತ್ತಾರೆ. ಆ ಹೊತ್ತಿನಲ್ಲಿ ಮಣ್ಣಿನ ಮೇಲೆ ಹಸಿರು ಪಾಚಿಯಂಥ ಸೂಕ್ಷ್ಮಜೀವಿಗಳು, ಸಯನೊಬ್ಯಾಕ್ಟೀರಿಯಾ, ಬೆಳೆಯುತ್ತವೆ. ಇವು ತಯಾರಿಸುವ ಕೊಬ್ಬಿನಂಥ ಕೆಲವು ಪದಾರ್ಥಗಳಿಗೆ ಉರಿಯೂತ ತಗ್ಗಿಸುವ ಗುಣ ಇದೆ ಎಂದು ಪಾಡೊವಾದ ವಿಜ್ಞಾನಿಗಳು ತೋರಿಸಿದ್ದಾರೆ. ಹದವಾದ ಬಿಸಿಯಲ್ಲಿ, ಸುಮಾರು 40 ಡಿಗ್ರಿಯಲ್ಲಿ, ಹದಿನೈದಿಪ್ಪತ್ತು ನಿಮಿಷ ಹಚ್ಚುತ್ತಾರೆ. ಡಾಕ್ಟರು ಚೀಟಿ ಬರೆದುಕೊಟ್ಟರೆ 12 ಸಲದ ಒಂದು ಸುತ್ತಿನ ಖರ್ಚಿನ ಹೆಚ್ಚಿನ ಪಾಲನ್ನು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯೇ ಕೊಡುತ್ತದೆ. ಇಸ್ರೇಲಿನವರು ಮೃತ ಸಮುದ್ರದ ಕಪ್ಪು ಮಣ್ಣನ್ನು ಹಲವು ದಶಕಗಳಿಂದ ಅಧ್ಯಯನ ಮಾಡುತ್ತಿದ್ದಾರೆ. ಅದರಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಬ್ರೋಮೈಡ್ ತುಂಬಾ ಇವೆ.

ಹಾಗಾದರೆ ಗುಣ ಎಷ್ಟು? ಇಲ್ಲಿ ಪ್ರಾಮಾಣಿಕವಾಗಿ ಮಾತಾಡಬೇಕು. ಸವೆತದ ಮಂಡಿ ನೋವಿಗೆ ಬಿಸಿ ಮಣ್ಣು ಆರಾಮ ಕೊಡುತ್ತದೆ ಅನ್ನುವುದಕ್ಕೆ ಸಾಕಷ್ಟು ಅಧ್ಯಯನಗಳ ಬೆಂಬಲ ಇದೆ. ರುಮಟಾಯ್ಡ್ ವಿಷಯಕ್ಕೆ ಬಂದರೆ ಕೈಯಲ್ಲಿರುವುದು ತುಂಬಾ ಕಡಿಮೆ. ಇಸ್ರೇಲಿನಲ್ಲಿ 45 ರೋಗಿಗಳ ಮೇಲೆ ಒಂದು ಅಧ್ಯಯನ ನಡೆಯಿತು, 2005ರಲ್ಲಿ ಪ್ರಕಟವಾಯಿತು. ಅರ್ಧ ಜನಕ್ಕೆ ನಿಜವಾದ ಖನಿಜದ ಮಣ್ಣು, ಉಳಿದವರಿಗೆ ಸಾರ ಕಡಿಮೆ ಮಾಡಿದ ಮಣ್ಣು. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ಪರೀಕ್ಷಿಸುವ ಡಾಕ್ಟರಿಗೂ ಗೊತ್ತಿಲ್ಲ. ಮನೆಯಲ್ಲೇ ಕೈಗಳಿಗೆ ವಾರಕ್ಕೆ ಐದು ಸಲದಂತೆ ಮೂರು ವಾರ ಹಚ್ಚಿಕೊಂಡರು. ಆಮೇಲೆ 2015ರಲ್ಲಿ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯವರು ರುಮಟಾಯ್ಡ್‌ಗೆ ಖನಿಜ ಸ್ನಾನ, ಮಣ್ಣು ಇವುಗಳ ಬಗ್ಗೆ ಇದ್ದ ಅಧ್ಯಯನಗಳನ್ನೆಲ್ಲ ಸೋಸಿ ನೋಡಿದರು. ಸಿಕ್ಕಿದ್ದು 9 ಅಧ್ಯಯನ, 579 ಜನ. ಮಣ್ಣಿನ ಆ ಅಧ್ಯಯನದಲ್ಲಿ ನೋವಿನಲ್ಲೂ ಊದಿದ ಕೀಲುಗಳ ಲೆಕ್ಕದಲ್ಲೂ ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಅವರಿಗೆ ಕಾಣಲಿಲ್ಲ. ಒತ್ತಿದರೆ ನೋಯುವ ಕೀಲುಗಳ ಸಂಖ್ಯೆ ಮಾತ್ರ ನಿಜವಾದ ಮಣ್ಣಿನವರಲ್ಲಿ ಸರಾಸರಿ ನಾಲ್ಕೂವರೆಯಷ್ಟು ಕಡಿಮೆ ಇತ್ತು. ಅದನ್ನೂ ಅವರು ತೀರಾ ದುರ್ಬಲ ಪುರಾವೆ ಎಂದೇ ಕರೆದರು. ಒಟ್ಟಾರೆ, ಹೌದು ಎನ್ನಲೂ ಇಲ್ಲ ಎನ್ನಲೂ ಆಗದಷ್ಟು ಕಮ್ಮಿ ಮಾಹಿತಿ.

ಆದರೆ ಆ ನಾಲ್ಕೂವರೆಯನ್ನು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ನೋಯುವ ನಾಲ್ಕು ಗೆಣ್ಣು ಕಮ್ಮಿಯಾದರೆ ಒಬ್ಬ ಹೆಂಗಸು ತಾನೇ ಜಡೆ ಹಾಕಿಕೊಳ್ಳಬಹುದು. ಔಷಧಿ ತೆಗೆದುಕೊಳ್ಳುತ್ತಲೇ, ಅದರ ಜೊತೆಗೆ, ಕಮ್ಮಿ ಖರ್ಚಿನ ಮಣ್ಣಿನಿಂದ ಇಷ್ಟು ಸಿಗುತ್ತದೆ ಅನ್ನುವುದು ಖಚಿತವಾದರೆ ನಮ್ಮಂಥ ದೇಶಕ್ಕೆ ಅದು ಚಿಕ್ಕ ಮಾತಲ್ಲ. 45 ಜನರ ಮೇಲೆ ಮಾಡಿದ್ದನ್ನು 400 ಜನರ ಮೇಲೆ ಮಾಡಿ ನೋಡಬೇಕಲ್ವಾ?

ನನ್ನ ಕಸುಬಿನ ಕಡೆಯಿಂದಲೂ ಒಂದು ಪ್ರಶ್ನೆ ಇದೆ. ನಾವು ಕೈಗಳಿಗೆ ಕರಗಿಸಿದ ಮೇಣದ ಶಾಖ ಕೊಡುತ್ತೇವೆ. ರೋಗಿ ಕೈಯನ್ನು ಮೇಣದಲ್ಲಿ ಅದ್ದಿ ತೆಗೆದು, ಪದರ ಕಟ್ಟಿದ ಮೇಲೆ ಬಟ್ಟೆ ಸುತ್ತಿ ಕೂರುತ್ತಾರೆ. ಸ್ನಾಯು ಸಡಿಲವಾಗುತ್ತದೆ, ನೋವು ಸ್ವಲ್ಪ ಹೊತ್ತು ಕಡಿಮೆಯಾಗುತ್ತದೆ, ಆ ಹೊತ್ತಿನಲ್ಲಿ ಬೆರಳಿನ ವ್ಯಾಯಾಮ ಮಾಡಿಸುತ್ತೇವೆ. ಮೇಣದಲ್ಲಿ ಯಾವ ಖನಿಜವೂ ಇಲ್ಲ, ಬರೀ ಶಾಖ. ಬಿಸಿ ಮಣ್ಣು ಮಾಡುವುದೂ ಇಷ್ಟೇನಾ, ಅಥವಾ ಅದರ ಖನಿಜ, ಗಂಧಕ, ಸಾವಯವ ಅಂಶ ಚರ್ಮ ದಾಟಿ ಒಳಗೆ ಹೋಗಿ ಹೆಚ್ಚಿನದೇನಾದರೂ ಮಾಡುತ್ತದೆಯಾ? ಬಿಸಿ ಮಣ್ಣನ್ನು ಬಿಸಿ ಮೇಣದ ಪಕ್ಕ ಇಟ್ಟು ಅಳೆದರೆ ಮಾತ್ರ ಇದಕ್ಕೆ ಉತ್ತರ ಸಿಗುತ್ತದೆ. ಇನ್ನೊಂದು ವಿಷಯ: ಇಟಲಿ, ಇಸ್ರೇಲಿನ ಲೆಕ್ಕವೆಲ್ಲ ಬಿಸಿ ಮಣ್ಣಿನದು. ನಮ್ಮ ಪ್ರಕೃತಿ ಚಿಕಿತ್ಸೆಯಲ್ಲಿ ಹೆಚ್ಚಾಗಿ ಹಾಕುವುದು ತಣ್ಣನೆ ಪಟ್ಟಿ. ಕೆಂಪಗೆ ಕಾದು ಊದಿದ ಕೀಲಿನ ಮೇಲೆ ಬಿಸಿ ಹಾಕುವುದು ಸರಿಯಲ್ಲ ಎಂದು ನಮಗೆ ಕಾಲೇಜಿನಲ್ಲೇ ಕಲಿಸುತ್ತಾರೆ. ಹಾಗಿದ್ದರೆ ಊತ ಜೋರಿರುವಾಗ ನಮ್ಮ ತಣ್ಣನೆ ಎರೆಮಣ್ಣೇ ಹೆಚ್ಚು ಒಳ್ಳೆಯದಿರಬಹುದು. ಇದು ಭಾರತದವರೇ ಕೇಳಬೇಕಾದ ಪ್ರಶ್ನೆ.

ಅದನ್ನು ಕೇಳಲು ಪುಣೆಗಿಂತ ಒಳ್ಳೆಯ ಊರು ಎಲ್ಲಿದೆ? ತಾಡಿವಾಲಾ ರಸ್ತೆಯ ನಿಮ್ಮ ಬಾಪು ಭವನ, ಡಾ. ದಿನ್ಶಾ ಮೆಹ್ತಾ ನಡೆಸುತ್ತಿದ್ದ ಪ್ರಕೃತಿ ಚಿಕಿತ್ಸಾಲಯ. ಗಾಂಧೀಜಿ ಅಲ್ಲಿ ಎಷ್ಟೋ ಸಲ ಉಳಿದರು. ಹೊಟ್ಟೆಗೆ, ತಲೆಗೆ ಮಣ್ಣಿನ ಪಟ್ಟಿ ಹಾಕಿಕೊಳ್ಳುವುದು ಅವರಿಗೆ ದಿನದ ಅಭ್ಯಾಸವಾಗಿತ್ತು. 1945ರ ನವೆಂಬರ್ 18ರಂದು ಪ್ರಕೃತಿ ಚಿಕಿತ್ಸೆಯ ಟ್ರಸ್ಟಿಗೆ ಅವರು ಸಹಿ ಹಾಕಿದ ನೆನಪಿಗೇ ಇವತ್ತು ಆ ದಿನವನ್ನು ಪ್ರಕೃತಿ ಚಿಕಿತ್ಸಾ ದಿನ ಎಂದು ಆಚರಿಸುತ್ತೀರಿ. ಮರುವರ್ಷ, 1946ರಲ್ಲಿ, ಸೋಲಾಪುರ ರಸ್ತೆಯ ಉರುಳಿಕಾಂಚನದಲ್ಲಿ ಬಡ ರೈತರಿಗಾಗಿ ನಿಸರ್ಗೋಪಚಾರ ಆಶ್ರಮ ಶುರುವಾಯಿತು. ನಿಮ್ಮ ಸಂಸ್ಥೆ 1986ರಿಂದ ನಡೆಯುತ್ತಿದೆ.

ಇದೇ ಪುಣೆಯಲ್ಲಿ ಇನ್ನೊಂದು ಘಟನೆಯೂ ನಡೆದಿದೆ, ಅದನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. 1924ರ ಜನವರಿಯಲ್ಲಿ ಯೆರವಡಾ ಜೈಲಿನಲ್ಲಿದ್ದ ಗಾಂಧೀಜಿಗೆ ಅಪೆಂಡಿಸೈಟಿಸ್ ಆಯಿತು. ಸಸೂನ್ ಆಸ್ಪತ್ರೆಗೆ ಕರೆತಂದರು. 12ನೇ ತಾರೀಖು ರಾತ್ರಿ ಕರ್ನಲ್ ಮ್ಯಾಡಕ್ ಎಂಬ ಸರ್ಜನ್ ಆಪರೇಷನ್ ಮಾಡಿದರು. ನಡುವೆ ಕರೆಂಟ್ ಹೋಗಿ ಲಾಟೀನು ಹಿಡಿದು ಮುಗಿಸಬೇಕಾಯಿತು. ಮಣ್ಣಿನ ಮೇಲೆ ಅಷ್ಟು ನಂಬಿಕೆ ಇಟ್ಟಿದ್ದ ಮನುಷ್ಯ ಆ ಹೊತ್ತಿನಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಮೇಜಿನ ಮೇಲೆ ಮಲಗಿದರು, ಬದುಕಿದರು. ಸಸೂನ್ ಆಸ್ಪತ್ರೆಯೂ ಬಾಪು ಭವನವೂ ಎರಡೂ ಪುಣೆ ಸ್ಟೇಶನ್ನಿನ ಆಸುಪಾಸಿನಲ್ಲೇ ಇವೆ. ಮಣ್ಣು ಹಚ್ಚುವವರು ಆಸ್ಪತ್ರೆಯ ಔಷಧಿಯನ್ನು ಬಿಡಿಸಬೇಕು ಅನ್ನುವುದಕ್ಕೆ ಗಾಂಧೀಜಿಯ ಹೆಸರನ್ನು ಮಾತ್ರ ಯಾರೂ ಬಳಸಬೇಡಿ.

ಸಂಧಿವಾತದ ಅಧ್ಯಯನದಲ್ಲೂ ಈ ಜಿಲ್ಲೆಗೆ ದೊಡ್ಡ ಹೆಸರಿದೆ. 1996ರಲ್ಲಿ ಪುಣೆಯ ಡಾ. ಅರವಿಂದ ಚೋಪ್ರಾ ಮತ್ತು ಸಂಗಡಿಗರು ಸೋಲಾಪುರ ಹೆದ್ದಾರಿಯ ಭಿಗವಣ ಊರಿನಲ್ಲಿ ಮನೆಮನೆಗೆ ಹೋಗಿ ನಾಲ್ಕು ಸಾವಿರಕ್ಕೂ ಹೆಚ್ಚು ವಯಸ್ಕರ ಕೀಲುನೋವಿನ ಲೆಕ್ಕ ತೆಗೆದರು. ಸುಮಾರು ಇನ್ನೂರಕ್ಕೆ ಒಬ್ಬರಲ್ಲಿ ರುಮಟಾಯ್ಡ್ ಸಿಕ್ಕಿತು. ಹಳ್ಳಿಯ ಹೆಂಗಸರು ನೋವನ್ನು ಹೇಗೆ ಹೇಳುತ್ತಾರೆ, ಅದನ್ನು ಹೇಗೆ ಬರೆದುಕೊಳ್ಳಬೇಕು ಅನ್ನುವುದು ಗೊತ್ತಿರುವ ಜನ ಈ ಊರಿನಲ್ಲಿದ್ದಾರೆ. ನೀವು ಅವರನ್ನು ಕರೆಯಿರಿ. ಒಂದೇ ಮೇಜಿಗೆ ಕೂರಿ.

ಪರೀಕ್ಷೆ ಹೇಗಿರಬೇಕು ಎಂದು ನಿಮಗೆ ನಾನು ಕಲಿಸಬೇಕಾಗಿಲ್ಲ, ಆದರೂ ಮನಸ್ಸಿನಲ್ಲಿರುವುದನ್ನು ಹೇಳಿಬಿಡುತ್ತೇನೆ. ಸೇರುವ ಪ್ರತಿಯೊಬ್ಬರೂ ತಮ್ಮ ಮಾತ್ರೆಯನ್ನು ಮುಂದುವರಿಸಲೇಬೇಕು. ಅದರ ಮೇಲೆ ಕೆಲವರಿಗೆ ತಣ್ಣನೆ ಎರೆಮಣ್ಣು, ಕೆಲವರಿಗೆ ಬಿಸಿಯದು, ಕೆಲವರಿಗೆ ಬರೀ ಮೇಣದ ಶಾಖ. ಯಾರಿಗೆ ಯಾವುದು ಎಂದು ಚೀಟಿ ಎತ್ತಿ ನಿರ್ಧರಿಸಿ. ಕೀಲು ಮುಟ್ಟಿ ಎಣಿಸುವ ಡಾಕ್ಟರಿಗೆ ಅದು ಗೊತ್ತಾಗಬಾರದು. ನೋವು ಎಷ್ಟು ಎಂದು ಕೇಳಿ ಬಿಟ್ಟುಬಿಡಬೇಡಿ. ಹಿಡಿತದ ಬಲ ಅಳೆಯಿರಿ, ಉರಿಯೂತ ಎಷ್ಟಿದೆ ಎಂದು ತೋರಿಸುವ ಸಿಆರ್‌ಪಿ ರಕ್ತಪರೀಕ್ಷೆ ಮಾಡಿ, ಕೀಲಿನ ಅಲ್ಟ್ರಾಸೌಂಡ್ ತೆಗೆಯಿರಿ. ಮಣ್ಣು ನಿಲ್ಲಿಸಿದ ಮೂರು ತಿಂಗಳ ಮೇಲೆ ಮತ್ತೆ ನೋಡಿ, ಯಾಕೆಂದರೆ ಹತ್ತನೇ ದಿನದ ಖುಷಿಯನ್ನು ನಂಬುವಂತಿಲ್ಲ. 2007ರಿಂದ ನಮ್ಮಲ್ಲಿ ಇಂಥ ಪರೀಕ್ಷೆಗಳನ್ನು ದಾಖಲಿಸುವ ಕ್ಲಿನಿಕಲ್ ಟ್ರಯಲ್ ರಿಜಿಸ್ಟ್ರಿ ಇದೆ. ಶುರುವಿಗೆ ಮುಂಚೆಯೇ ಅಲ್ಲಿ ನೋಂದಾಯಿಸಿ. ಫಲಿತಾಂಶ ಮಣ್ಣಿನ ಪರವಾಗಿ ಬರದಿದ್ದರೂ ಪ್ರಕಟಿಸಿ.

ಮಣ್ಣಿನ ಶುದ್ಧಿಯ ಬಗ್ಗೆ ನನಗೆ ನಿಜವಾಗಿಯೂ ಭಯ ಇದೆ. ಧನುರ್ವಾಯು ತರುವ ರೋಗಾಣುವಿನ ಮನೆಯೇ ಮಣ್ಣು. ರುಮಟಾಯ್ಡ್‌ಗೆ ಔಷಧಿ ತೆಗೆದುಕೊಳ್ಳುವವರ ರೋಗನಿರೋಧಕ ಶಕ್ತಿ ಸ್ವಲ್ಪ ತಗ್ಗಿರುತ್ತದೆ, ಅದೇ ಆ ಔಷಧಿಯ ಕೆಲಸ. ಕಾಲಿನ ಒಡಕು, ಬೆರಳಿನ ಸಣ್ಣ ಗಾಯ ಸಾಕು. ಜೊತೆಗೆ ಸಕ್ಕರೆ ಕಾಯಿಲೆ ಇದ್ದು ಸ್ಪರ್ಶ ಮಂಕಾಗಿದ್ದರೆ ಬಿಸಿ ಮಣ್ಣು ಸುಟ್ಟರೂ ಗೊತ್ತಾಗುವುದಿಲ್ಲ. ಊರು ಬೆಳೆದು ಕಾರ್ಖಾನೆ, ಹೆದ್ದಾರಿ ಹೊಲದ ಅಂಚಿಗೇ ಬಂದಿವೆ. ಅಂಥ ಮಣ್ಣಿನಲ್ಲಿ ಸೀಸ, ಆರ್ಸೆನಿಕ್ ಎಷ್ಟಿದೆ ಎಂದು ನೋಡದೆ ಯಾರ ಮೈಗೂ ಹಚ್ಚಬಾರದು. ಮಣ್ಣು ಎಲ್ಲಿಂದ ಬಂತು, ಯಾವ ಲ್ಯಾಬಿನಲ್ಲಿ ಪರೀಕ್ಷೆಯಾಯಿತು ಎಂದು ಗೋಡೆಗೆ ಅಂಟಿಸಲಿ. ಒಬ್ಬರಿಗೆ ಹಚ್ಚಿದ ಮಣ್ಣನ್ನು ಇನ್ನೊಬ್ಬರಿಗೆ ಬಳಸದಿರಲಿ.

ಜಾಹೀರಾತಿಗೆ ಕಾನೂನು ಆಗಲೇ ಇದೆ. 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪಟ್ಟಿಯಲ್ಲಿ ರುಮಟಿಸಂ ಹೆಸರಿದೆ. ಅದನ್ನು ಗುಣಪಡಿಸುತ್ತೇವೆ ಎಂದು ಔಷಧಿಯ ಜಾಹೀರಾತು ಹಾಕುವಂತಿಲ್ಲ. ಮಣ್ಣಿನ ಲೇಪದ ಡಬ್ಬಿಗಳ ಮೇಲೂ ಮೊಬೈಲ್ ವಿಡಿಯೊಗಳಲ್ಲೂ ಇದನ್ನು ಜಾರಿಗೆ ತನ್ನಿ.

ಈಗ ನನ್ನ ಜನರಿಗೆ ಎರಡು ಮಾತು. ಅಕ್ಕಂದಿರೇ, ಕಾಕಾ, ಕಾಕು, ಪ್ರಕೃತಿ ಚಿಕಿತ್ಸೆಗೆ ಉಜಿರೆಗೆ ಹೋಗಿ, ಉರುಳಿಕಾಂಚನಕ್ಕೆ ಹೋಗಿ, ತಾಡಿವಾಲಾ ರಸ್ತೆಗೆ ಹೋಗಿ, ನಾನು ಬೇಡ ಅನ್ನುವುದಿಲ್ಲ. ಹೋಗುವ ಮೊದಲು ನಿಮ್ಮದು ಸವೆತವೋ ರುಮಟಾಯ್ಡೋ ಎಂದು ಡಾಕ್ಟರನ್ನು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ವಾರದ ಮಾತ್ರೆಯನ್ನು, ಅಂದರೆ ಮೆಥೊಟ್ರೆಕ್ಸೇಟನ್ನು, ಚೀಲದಲ್ಲಿ ಇಟ್ಟುಕೊಂಡೇ ಹೋಗಿ. ಅದು ವಾರಕ್ಕೆ ಒಂದೇ ದಿನ, ದಿನವೂ ತೆಗೆದುಕೊಂಡರೆ ಪ್ರಾಣಕ್ಕೆ ಅಪಾಯ ಅನ್ನುವುದು ಮನೆಯವರೆಲ್ಲರಿಗೂ ಗೊತ್ತಿರಲಿ. ಲಿವರ್ ಬಗ್ಗೆ ಹೆದರಿಕೆ ಇದ್ದರೆ ಅದಕ್ಕೆ ದಾರಿ ರಕ್ತಪರೀಕ್ಷೆ. ಡಾಕ್ಟರು ಹೇಳಿದಾಗಲೆಲ್ಲ ಮಾಡಿಸಿ. ಹೊಟ್ಟೆ ತೊಳಸುವುದನ್ನೂ ಅವರಿಗೇ ಹೇಳಿ, ಮಾತ್ರೆಯ ಪ್ರಮಾಣ ಬದಲಿಸುತ್ತಾರೆ ಅಥವಾ ಇಂಜೆಕ್ಷನ್ ಕೊಡುತ್ತಾರೆ. ಮಗು ಬೇಕು ಅನ್ನುವ ಯೋಚನೆ ಇದ್ದರೆ ಮೊದಲೇ ತಿಳಿಸಿ, ಆ ಸಮಯದಲ್ಲಿ ಈ ಔಷಧಿ ಆಗುವುದಿಲ್ಲ, ಬೇರೆ ಇದೆ. ಮಾತ್ರೆ ಬಿಡಿ ಎಂದು ಯಾರಾದರೂ ಹೇಳಿದರೆ, ಹಾಗೆಂದು ಕಾಗದದ ಮೇಲೆ ಬರೆದು ಸಹಿ ಹಾಕಿ ಕೊಡಿ ಅನ್ನಿ.

ನಿರ್ದೇಶಕರೇ, ಪರೀಕ್ಷೆಗೆ ಹಣ ಹೊಂದಿಸಲು, ಒಪ್ಪಿಗೆ ಪಡೆಯಲು ಸಮಯ ಬೇಕು, ಅದು ನನಗೆ ಅರ್ಥವಾಗುತ್ತದೆ. ಕನ್ನಡದ ರೋಗಿಗಳನ್ನು ಮಾತಾಡಿಸಲು, ಹಿಡಿತದ ಬಲ ಅಳೆಯಲು ಜನ ಬೇಕಾದರೆ ನಾನು ಬರುತ್ತೇನೆ, ಸಂಬಳ ಬೇಡ. ಆದರೆ ಮಾತ್ರೆ ನಿಲ್ಲಿಸಬೇಡಿ ಎಂದು ಒಂದು ಬೋರ್ಡ್ ಹಾಕಲು ಸಮಯ ಬೇಕಾಗಿಲ್ಲ. ನಿಮ್ಮ ಹೊರರೋಗಿ ವಿಭಾಗದಲ್ಲಿ ಮೊದಲು ಹಾಕಿ, ಆಮೇಲೆ ಉಳಿದ ಕೇಂದ್ರಗಳಿಗೆ ಕಳಿಸಿ. ಮರಾಠಿ, ಹಿಂದಿಯ ಸಾಲುಗಳನ್ನು ನಿಮ್ಮವರು ಬರೆಯಲಿ. ಕನ್ನಡದ್ದನ್ನು ನಾನೇ ಬರೆದು ಕೊಡುತ್ತಿದ್ದೇನೆ:

"ರುಮಟಾಯ್ಡ್ ಸಂಧಿವಾತ ಇರುವವರು ಗಮನಿಸಿ. ಮಣ್ಣಿನ ಚಿಕಿತ್ಸೆ ನಿಮ್ಮ ಔಷಧಿಯ ಬದಲಿಗೆ ಅಲ್ಲ. ನಿಮ್ಮ ಡಾಕ್ಟರು ಹೇಳದೆ ಮಾತ್ರೆ ನಿಲ್ಲಿಸಬೇಡಿ. ನಿಲ್ಲಿಸಿ ಎಂದು ಇಲ್ಲಿ ಯಾರಾದರೂ ಹೇಳಿದರೆ ಕೂಡಲೇ ನಿರ್ದೇಶಕರ ಕೋಣೆಗೆ ಬಂದು ತಿಳಿಸಿ."

ಇಂತಿ ನಿಮ್ಮ ವಿಶ್ವಾಸಿ,
ಹಡಪ್ಸರದ ಒಬ್ಬ ಫಿಸಿಯೋಥೆರಪಿಸ್ಟ್
ಪುಣೆ